ಮಾತು ಓಡುತ್ತದೆ, ಏನು ಮಾಡಲಿ? ವೇದಿಕೆಯ ವೇಗದ ಬಗ್ಗೆ ಓದುಗರ ಪ್ರಶ್ನೆಗಳು

ಸಭೆಯಲ್ಲಿ ಮಾತಾಡುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಸಭಾಕಂಪದ ಪತ್ರಗಳೇ ಹೆಚ್ಚು ಬರುತ್ತವೆ ಎಂದುಕೊಂಡಿದ್ದೆವು. ಬಂದವುಗಳಲ್ಲಿ ಹೆಚ್ಚಿನವು ವೇಗದ ಬಗ್ಗೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಒಂದೇ ರೀತಿಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಕಚೇರಿಯಲ್ಲಿ ತಿಂಗಳಿಗೊಮ್ಮೆ ಪ್ರಗತಿ ವರದಿ ಮಂಡಿಸುತ್ತೇನೆ. ಮುಗಿದ ಮೇಲೆ ಎಲ್ಲರೂ ಹೇಳುವುದು ಒಂದೇ: "ಚೆನ್ನಾಗಿತ್ತು, ಸ್ವಲ್ಪ ನಿಧಾನ ಮಾಡಿ." ನಿಧಾನ ಮಾಡಲು ಹೋದರೆ ಎಳೆದೆಳೆದು ಮಾತಾಡಿದ ಹಾಗಾಗುತ್ತದೆ, ನನಗೇ ನಗು ಬರುತ್ತದೆ. ನಿಧಾನ ಅಂದರೆ ನಿಜಕ್ಕೂ ಏನು ಮಾಡಬೇಕು?

ಎಳೆಯಬೇಡಿ. ನಿಲ್ಲಿ.

ಇವೆರಡೂ ಒಂದೇ ಎಂದುಕೊಳ್ಳುವುದರಿಂದಲೇ ಹೆಚ್ಚಿನವರು ಎರಡು ದಿನ ಪ್ರಯತ್ನಿಸಿ ಬಿಟ್ಟುಬಿಡುತ್ತಾರೆ. ಮಾತಿನ ವೇಗದಲ್ಲಿ ಎರಡು ಭಾಗಗಳಿವೆ. ಬಾಯಿ ಅಕ್ಷರಗಳನ್ನು ಎಷ್ಟು ಬೇಗ ಉರುಳಿಸುತ್ತದೆ ಎಂಬುದು ಒಂದು, ನಡುನಡುವೆ ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂಬುದು ಇನ್ನೊಂದು. ಫ್ರೀಡಾ ಗೋಲ್ಡ್‌ಮನ್-ಐಸ್ಲರ್ ಎಂಬ ಸಂಶೋಧಕಿ 1950–60ರ ದಶಕಗಳಲ್ಲಿ ಜನರ ಸಹಜ ಮಾತನ್ನು ಅಳೆದಾಗ, ಒಬ್ಬರಿಂದೊಬ್ಬರಿಗೆ ವೇಗ ಬೇರೆಯಾಗುವುದು ಮುಖ್ಯವಾಗಿ ಎರಡನೆಯದರಿಂದ ಎಂದು ಕಂಡುಕೊಂಡರು. ನಿಧಾನವಾಗಿ ಮಾತಾಡುತ್ತಾರೆ ಎಂದು ನಮಗೆ ಅನ್ನಿಸುವವರು ಅಕ್ಷರಗಳನ್ನು ನಮ್ಮಷ್ಟೇ ಬೇಗ ಹೇಳುತ್ತಿರಬಹುದು. ಅವರು ಹೆಚ್ಚು ಸಲ ನಿಲ್ಲುತ್ತಾರೆ, ಅಷ್ಟೇ.

ಕನ್ನಡದಲ್ಲಂತೂ ಎಳೆಯುವುದು ಅಪಾಯಕಾರಿ. ನಮ್ಮಲ್ಲಿ ಸ್ವರದ ಉದ್ದವೇ ಅರ್ಥ ಬದಲಿಸುತ್ತದೆ. ಬಳೆಯನ್ನು ಎಳೆದರೆ ಬಾಳೆಯಾಗುತ್ತದೆ, ಕರು ಕಾರಾಗುತ್ತದೆ. ಒತ್ತಕ್ಷರ ಸಡಿಲಾದರೆ ಹಳ್ಳಿ ಹಳಿಯಾಗುತ್ತದೆ. ಕೇಳುವವರು ಸಂದರ್ಭ ನೋಡಿ ಸರಿಪಡಿಸಿಕೊಳ್ಳುತ್ತಾರೆ, ನಿಜ. ಆದರೆ ಹಾಗೆ ಸರಿಪಡಿಸಿಕೊಳ್ಳುವ ಕೆಲಸವನ್ನು ಅವರ ತಲೆಗೆ ಹೊರಿಸಿದ್ದು ನೀವು.

ಹಾಗಾದರೆ ಎಲ್ಲಿ ನಿಲ್ಲಬೇಕು? ನಿಮ್ಮ ವರದಿಯ ಮೂರು ವಾಕ್ಯ ಹೀಗಿವೆ ಎಂದುಕೊಳ್ಳಿ. ಒಂದು ಗೆರೆ ಎಂದರೆ ಅರ್ಧ ಸೆಕೆಂಡು, ಎರಡು ಗೆರೆ ಒಂದು ಸೆಕೆಂಡು, ಮೂರು ಗೆರೆ ಎರಡರಿಂದ ಮೂರು ಸೆಕೆಂಡು:

"ಕಳೆದ ತಿಂಗಳು / 240 ದೂರುಗಳು ಬಂದವು. // ಅವುಗಳಲ್ಲಿ 180 / ಒಂದೇ ಕಾರಣಕ್ಕೆ ಬಂದವು. // ಆ ಕಾರಣ, / ತಡವಾದ ವಿತರಣೆ. ///"

ವಾಕ್ಯ ಮುಗಿದಾಗ ಒಂದು ಸೆಕೆಂಡು, ಮುಖ್ಯ ಮಾತು ಹೇಳಿದ ಮೇಲೆ ಎರಡು-ಮೂರು ಸೆಕೆಂಡು. ಅಂಕಿಯ ಹಿಂದೆ ಅಥವಾ ಮುಂದೆ ಒಂದು ಸಣ್ಣ ಬಿಡುವು. ವಿಷಯದಿಂದ ವಿಷಯಕ್ಕೆ ದಾಟುವಾಗ ಮೂರಕ್ಕೂ ಹೆಚ್ಚು ಸೆಕೆಂಡು ನಿಂತರೂ ಯಾರೂ ತಪ್ಪು ತಿಳಿಯುವುದಿಲ್ಲ. ನಿಂತಾಗ ಬಾಯಿ ಮುಚ್ಚಿ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಬಾಯಿ ತೆರೆದೇ ಇದ್ದರೆ "ಆಂ" ತಾನಾಗಿ ಹೊರಗೆ ಬರುತ್ತದೆ.

ನಿಲ್ಲಬಾರದ ಜಾಗಗಳೂ ಇವೆ. "ಹೋದ ವಾರ ಬಂದ" ಎಂದು ನಿಂತು ಆಮೇಲೆ "ದೂರುಗಳು" ಎಂದರೆ ವಾಕ್ಯ ಮುರಿದಂತೆ ಕೇಳುತ್ತದೆ. "ಮುಗಿಸಲು" ಮತ್ತು "ಆಗಲಿಲ್ಲ" ಎಂಬುದರ ನಡುವೆ ನಿಂತರೂ ಅಷ್ಟೇ. ವಿಶೇಷಣವನ್ನು ಅದರ ನಾಮಪದದಿಂದ, ಕ್ರಿಯಾಪದವನ್ನು ಅದರ ಬಾಲದಿಂದ ಬೇರೆ ಮಾಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಯಲ್ಲಿ. ಆಯಿತೋ ಆಗಲಿಲ್ಲವೋ, ಮಾಡಬೇಕೋ ಮಾಡಬಾರದೋ ಎಲ್ಲ ತೀರ್ಮಾನವಾಗುವುದು ಕಡೆಯ ಎರಡು-ಮೂರು ಅಕ್ಷರಗಳಲ್ಲಿ. ಬೇಗ ಮಾತಾಡುವವರು ಉಸಿರು ಖಾಲಿಯಾಗಿ ನುಂಗುವುದೂ ಅವೇ ಅಕ್ಷರಗಳನ್ನು. "ಈ ಗುಂಡಿ ಒತ್ತಬಾರದು" ಎಂಬುದರ ಕೊನೆ ನುಂಗಿಹೋದರೆ ಹಿಂದಿನ ಸಾಲಿನವರಿಗೆ ಉಳಿಯುವುದು "ಈ ಗುಂಡಿ ಒತ್ತ..." ಮಾತ್ರ. ಆದ್ದರಿಂದ ಒಂದೇ ಒಂದು ಅಭ್ಯಾಸಕ್ಕೆ ಸಮಯವಿದ್ದರೆ ಇದನ್ನು ಮಾಡಿ: ಪ್ರತಿ ವಾಕ್ಯದ ಕೊನೆಯ ಪದವನ್ನು ಮೊದಲ ಪದದಷ್ಟೇ ಗಟ್ಟಿಯಾಗಿ ಹೇಳಿ, ಅದು ಪೂರ್ತಿ ಮುಗಿದ ಮೇಲೆ ಮಾತ್ರ ಉಸಿರು ತೆಗೆದುಕೊಳ್ಳಿ. ವಾರದೊಳಗೆ ಒಟ್ಟು ವೇಗವೂ ಇಳಿದಿರುತ್ತದೆ.

ನಿಮಿಷಕ್ಕೆ 120ರಿಂದ 150 ಪದ ಇರಬೇಕು ಎಂದು ಎಲ್ಲ ಕಡೆ ಓದುತ್ತೇನೆ. ನನ್ನ ಕನ್ನಡ ಭಾಷಣ ಎಣಿಸಿದರೆ 100 ಪದವೂ ಇಲ್ಲ, ಆದರೂ "ತುಂಬಾ ಫಾಸ್ಟ್" ಅನ್ನುತ್ತಾರೆ. ಲೆಕ್ಕ ತಪ್ಪೇ?

ಲೆಕ್ಕ ಸರಿ, ಅಳತೆಗೋಲು ಬೇರೆ ಭಾಷೆಯದು. ಆ ಅಂಕಿ ಇಂಗ್ಲಿಷ್‌ಗೆ ಹೇಳಿದ್ದು. ಉಚ್ಚಾರದ ಲೆಕ್ಕದಲ್ಲಿ (ಅಕ್ಷರ ಎಂದರೆ ಇಲ್ಲಿ ಬಾಯಿ ಒಂದು ಸಲಕ್ಕೆ ಹೇಳುವ ತುಣುಕು, ಸಿಲಬಲ್) ಅಲ್ಲಿನ ಬಹಳಷ್ಟು ಪದಗಳು ಒಂದೆರಡು ಅಕ್ಷರದವು. ಕನ್ನಡದಲ್ಲಿ ವಿಭಕ್ತಿ, ಕಾಲ, ಒತ್ತು ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದ ಸರಾಸರಿ ಮೂರು-ನಾಲ್ಕು ಅಕ್ಷರಕ್ಕೆ ಹೋಗುತ್ತದೆ. ನಿಮ್ಮ 100 ಪದ ಎಂದರೆ ಹತ್ತಿರ ಹತ್ತಿರ 350 ಅಕ್ಷರ. ಅದು ವೇಗವೇ. ಭಾಷೆಯಿಂದ ಭಾಷೆಗೆ ಅಕ್ಷರದ ವೇಗವೂ ಬೇರೆ. 2019ರಲ್ಲಿ ಪ್ರಕಟವಾದ 17 ಭಾಷೆಗಳ ಹೋಲಿಕೆಯೊಂದರಲ್ಲಿ, ಬೇಗ ಬೇಗ ಆಡುವ ಭಾಷೆಗಳ ಒಂದೊಂದು ಅಕ್ಷರದಲ್ಲಿ ಮಾಹಿತಿ ಕಡಿಮೆ, ನಿಧಾನವಾಗಿ ಆಡುವವುಗಳಲ್ಲಿ ಹೆಚ್ಚು, ಕೊನೆಗೆ ಸೆಕೆಂಡಿಗೆ ತಲುಪುವ ಮಾಹಿತಿ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂತು. ಹಾಗಾಗಿ ಒಂದು ಭಾಷೆಯ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ.

ಅಳೆಯುವ ಕ್ರಮ ಹೀಗೆ. ಫೋನಿನಲ್ಲಿ ಇಡೀ ಭಾಷಣ ರೆಕಾರ್ಡ್ ಮಾಡಿ. ಮೊದಲ ಎರಡು ನಿಮಿಷ ಬಿಟ್ಟುಬಿಡಿ, ಆ ಹೊತ್ತಿನಲ್ಲಿ ಎಷ್ಟೋ ಜನ ಎಚ್ಚರದಿಂದಲೇ ಮಾತಾಡುತ್ತಾರೆ. ನಡುವಿನ ಒಂದು ನಿಮಿಷವನ್ನೂ ಕೊನೆಯ ಒಂದು ನಿಮಿಷವನ್ನೂ ಕೇಳಿ ಹಾಗೆಹಾಗೆಯೇ ಬರೆದುಕೊಳ್ಳಿ. ಒತ್ತಕ್ಷರವನ್ನು ಒಂದೇ ಎಂದು ಹಿಡಿದು ಅಕ್ಷರಗಳನ್ನು ಎಣಿಸಿ. ಹೊಸ ವಿಷಯವನ್ನು ಗೊತ್ತಿಲ್ಲದವರಿಗೆ ತಿಳಿಸುವಾಗ ಬಿಡುವುಗಳೂ ಸೇರಿ ನಿಮಿಷಕ್ಕೆ 250ರಿಂದ 300 ಅಕ್ಷರ ಎಂಬುದನ್ನು ಆರಂಭದ ಗುರಿಯಾಗಿ ಇಟ್ಟುಕೊಳ್ಳಿ. ಗೊತ್ತಿರುವವರ ಮುಂದೆ ಅದಕ್ಕಿಂತ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ. ಈಗಿನ ವೇಗವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಲು ಹೋಗಬೇಡಿ. ಐದರಲ್ಲಿ ಒಂದು ಭಾಗ ಇಳಿಸಿದರೆ ಸಾಕು, ಕೇಳುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದನ್ನೂ ನೋಡಿಕೊಳ್ಳಿ. ನಡುವಿನ ನಿಮಿಷಕ್ಕಿಂತ ಕೊನೆಯ ನಿಮಿಷದಲ್ಲಿ ಅಕ್ಷರ ಬಹಳ ಹೆಚ್ಚಿದ್ದರೆ ತೊಂದರೆ ನಾಲಿಗೆಯದ್ದಲ್ಲ. ನೀವು ವಿಷಯ ಹೆಚ್ಚು ತುಂಬಿದ್ದೀರಿ.

ನಾನು ಪಾಠದ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲೇ ನೋಡುವುದು, ಎಲ್ಲ ಅರ್ಥವಾಗುತ್ತದೆ. ಹಾಗಿರುವಾಗ ಎದುರು ನಿಂತು ಮಾತಾಡುವವರು ಯಾಕೆ ನಿಧಾನ ಮಾಡಬೇಕು? — ಕಾಲೇಜು ವಿದ್ಯಾರ್ಥಿ

ಒಳ್ಳೆಯ ಪ್ರಶ್ನೆ. ರೆಕಾರ್ಡ್ ಆದ ಪಾಠವನ್ನು ಅಷ್ಟು ವೇಗದಲ್ಲಿ ಕೇಳಿದರೂ ಹೆಚ್ಚಿನವರಿಗೆ ಅರ್ಥವಾಗುತ್ತದೆ ಎಂಬುದು ನಿಜ. ಆದರೆ ಅಲ್ಲಿ ನಿಮ್ಮ ಕೈಯಲ್ಲಿ ಗುಂಡಿ ಇದೆ. ತಪ್ಪಿದ್ದನ್ನು ಹತ್ತು ಸೆಕೆಂಡು ಹಿಂದಕ್ಕೆ ತಂದು ಕೇಳುತ್ತೀರಿ, ಬರೆದುಕೊಳ್ಳಲು ನಿಲ್ಲಿಸುತ್ತೀರಿ. ಕಿವಿಗೆ ಇಯರ್‌ಫೋನ್ ಇರುತ್ತದೆ, ಕೋಣೆಯ ಮೊಳಗು ಇರುವುದಿಲ್ಲ. ಜೊತೆಗೆ ಯಂತ್ರ ವೇಗ ಹೆಚ್ಚಿಸುವಾಗ ಅಕ್ಷರಗಳನ್ನು ನುಂಗುವುದಿಲ್ಲ, ಮನುಷ್ಯ ನುಂಗುತ್ತಾನೆ.

ಸಭೆಯಲ್ಲಿ ಕುಳಿತವರಿಗೆ ಇದ್ಯಾವುದೂ ಇಲ್ಲ. ಕೇಳಿದ್ದನ್ನು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆಯೇ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಏಳು ಸಂಗತಿಗಳ ಆಸುಪಾಸು ಎಂದಿದ್ದರು, ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ನಾಲ್ಕು ಹೊಸ ಸಂಗತಿ ಹೇಳಿ ನಿಲ್ಲದೆ ಐದನೆಯದಕ್ಕೆ ಹೋದರೆ ಮೊದಲಿನದು ಜಾರುತ್ತದೆ. ಭಾಷಣಕಾರರು ನಿಲ್ಲುವ ಎರಡು ಸೆಕೆಂಡು ಕೇಳುವವರು ನಾಲ್ಕನ್ನು ಕಟ್ಟಿ ಒಂದು ಗಂಟು ಮಾಡಿಕೊಳ್ಳುವ ಹೊತ್ತು.

ಮನೆಯಲ್ಲಿ ಅಭ್ಯಾಸ ಮಾಡಿದಾಗ 15 ನಿಮಿಷ. ವೇದಿಕೆಯ ಮೇಲೆ 10 ನಿಮಿಷಕ್ಕೆ ಮುಗಿದುಹೋಗುತ್ತದೆ. ಏನನ್ನೂ ಬಿಟ್ಟಿರುವುದಿಲ್ಲ!

ಅಡ್ರಿನಲಿನ್ ಎಂಬ ಉದ್ವೇಗದ ಹಾರ್ಮೋನಿನ ಕೆಲಸ ಅದು. ಜನರೆದುರು ನಿಂತಾಗ ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ. ಉಸಿರು ಗಿಡ್ಡವಾದಾಗ ಅದು ಮುಗಿಯುವುದರೊಳಗೆ ವಾಕ್ಯ ಮುಗಿಸಬೇಕೆಂದು ನಾಲಿಗೆ ಧಾವಿಸುತ್ತದೆ. ಹೊತ್ತಿನ ಅಂದಾಜೂ ಕೆಡುತ್ತದೆ. ಒಂದು ಸೆಕೆಂಡಿನ ಮೌನ ಮಾತಾಡುವವರಿಗೆ ನಾಲ್ಕೈದು ಸೆಕೆಂಡಿನಂತೆ ಅನ್ನಿಸುತ್ತದೆ, ಕೇಳುವವರಿಗೆ ಅದು ಒಂದು ಸೆಕೆಂಡೇ. ನಿಮ್ಮದೇ ರೆಕಾರ್ಡಿಂಗ್ ಕೇಳಿ ನೋಡಿ. "ಅಯ್ಯೋ, ಎಷ್ಟು ಹೊತ್ತು ನಿಂತೆ" ಎಂದು ನಾಚಿದ ಜಾಗ ಅಲ್ಲಿ ಇದೆಯೋ ಇಲ್ಲವೋ ಎಂಬಂತಿರುತ್ತದೆ.

ಕರೆಯುವ ಮೊದಲು, ಕುರ್ಚಿಯಲ್ಲಿ ಕುಳಿತಲ್ಲೇ, ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ, ಐದಾರು ಸಲ. ಹೊರಗೆ ಬಿಡುವುದು ಒಳಗೆ ತೆಗೆದುಕೊಳ್ಳುವುದಕ್ಕಿಂತ ಉದ್ದವಿರಬೇಕು, ಎದೆಬಡಿತ ಇಳಿಸುವುದು ಆ ಭಾಗವೇ. ಎದೆ ತುಂಬ ಗಾಳಿ ಎಳೆದು ಹಿಡಿದಿಟ್ಟುಕೊಳ್ಳುವವರಿದ್ದಾರೆ, ಅದರಿಂದ ಬಿಗಿತ ಹೆಚ್ಚುತ್ತದೆ. ವೇದಿಕೆಗೆ ಹೋದ ಮೇಲೆ ಕಾಗದ ಇಟ್ಟು, ಎರಡೂ ಪಾದ ನೆಲಕ್ಕೆ ಊರಿ, ಸಭಿಕರನ್ನು ಮೂರು ಸೆಕೆಂಡು ನೋಡಿ ಬಾಯಿ ತೆರೆಯಿರಿ. ಮೊದಲ ನಾಲ್ಕು ವಾಕ್ಯಗಳನ್ನು ಬೇಕೆಂದೇ ಚಿಕ್ಕದಾಗಿ, ತಲಾ ಐದಾರು ಪದಗಳಲ್ಲಿ, ಬಾಯಿಪಾಠ ಮಾಡಿಟ್ಟುಕೊಳ್ಳಿ. ಮೊದಲ ನಿಮಿಷದಲ್ಲಿ ಹಿಡಿದ ಓಟವನ್ನು ಆಮೇಲೆ ತಡೆಯುವುದು ಕಷ್ಟ.

ಅಭ್ಯಾಸದ ವಿಧಾನವನ್ನೂ ಬದಲಿಸಿ. ಕುಳಿತು ಮನಸ್ಸಿನಲ್ಲೇ ಓದಿಕೊಂಡದ್ದು ಲೆಕ್ಕಕ್ಕಿಲ್ಲ. ನಿಂತು, ಗಟ್ಟಿಯಾಗಿ, ಸಾಧ್ಯವಾದರೆ ಸ್ವಲ್ಪ ಬಿರುಸಾಗಿ ನಡೆದು ಏದುಸಿರು ಬಂದಿರುವಾಗಲೇ ಒಮ್ಮೆ ಹೇಳಿ ನೋಡಿ. ವೇದಿಕೆಯ ದೇಹಸ್ಥಿತಿಗೆ ಅದು ಹತ್ತಿರ.

ನನಗೆ ಭಯವೇನೂ ಇಲ್ಲ, ವಿಷಯ ಚೆನ್ನಾಗಿ ಗೊತ್ತು. ಆದರೂ ಓಡುತ್ತೇನೆ.

ವಿಷಯ ಚೆನ್ನಾಗಿ ಗೊತ್ತಿರುವುದೇ ಕಾರಣ. ನಿಮಗೆ ಹಳತಾದದ್ದು ಅವರಿಗೆ ಹೊಸದು. ಪರಿಣತರು ಹೆಚ್ಚು ಓಡುವುದು ಪಾರಿಭಾಷಿಕ ಪದಗಳ ಮೇಲೆ ಮತ್ತು ಸಂಕ್ಷೇಪಾಕ್ಷರಗಳ ಮೇಲೆ, ಏಕೆಂದರೆ ಅವರು ದಿನಕ್ಕೆ ನೂರು ಸಲ ಹೇಳುವ ಪದಗಳು ಅವು. ನಿಮ್ಮ ಭಾಷಣದ ಅಂಥ ಪದಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಪ್ರತಿಯೊಂದನ್ನೂ ಮೊದಲ ಸಲ ಹೇಳುವಾಗ ಬಿಡಿಸಿ ಹೇಳಿ, ನಿಲ್ಲಿ, ಒಂದು ವಾಕ್ಯದಲ್ಲಿ ಅರ್ಥ ಹೇಳಿ, ಮತ್ತೆ ನಿಲ್ಲಿ. ಉಳಿದ ಕಡೆ ನಿಮ್ಮ ವೇಗದಲ್ಲೇ ಹೋಗಬಹುದು.

ಬೇಗ ಮಾತಾಡುವವರೇ ಜಾಣರು, ಆತ್ಮವಿಶ್ವಾಸ ಇರುವವರು ಅನ್ನಿಸುತ್ತದಲ್ಲವೇ? ನಿಧಾನ ಮಾಡಿದರೆ ವಿಷಯ ಗೊತ್ತಿಲ್ಲದೆ ತಡವರಿಸುತ್ತಿದ್ದಾರೆ ಎಂದುಕೊಂಡರೆ?

ನಿಮ್ಮ ಅನುಮಾನಕ್ಕೆ ಆಧಾರವಿದೆ. ನಾರ್ಮನ್ ಮಿಲ್ಲರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬೇಗ ಮಾತಾಡುವವರನ್ನು ಕೇಳುಗರು ಹೆಚ್ಚು ತಿಳಿದವರೆಂದು ನಂಬಿದ್ದರು, ಅವರ ಮಾತಿಗೆ ಹೆಚ್ಚು ಒಪ್ಪಿದ್ದರು. ನಂತರದ ಕೆಲಸಗಳು ಇದಕ್ಕೊಂದು ತಿರುವು ಕೊಟ್ಟವು: ವೇಗದ ಮಾತು ಕೇಳುಗರಿಗೆ ತೂಗಿ ನೋಡಲು ಬಿಡುವು ಕೊಡುವುದಿಲ್ಲ. ಎದುರು ವಾದ ಕಟ್ಟಲು ಆಗದಂತೆಯೇ, ನಿಮ್ಮ ಪರವಾಗಿ ಯೋಚಿಸಲೂ ಆಗುವುದಿಲ್ಲ. ಮೊದಲೇ ಒಪ್ಪುವ ಮನಸ್ಸಿದ್ದವರ ಮುಂದೆ ಓಡುವುದು ಇದರಿಂದಾಗಿ ನಷ್ಟ.

ಹಾಗಾಗಿ ಏನು ಬೇಕು ಎಂದು ಮೊದಲು ತೀರ್ಮಾನಿಸಿ. ಚುರುಕಾಗಿ ಕಂಡರೆ ಸಾಕೇ? ಸ್ವಲ್ಪ ವೇಗ ನಡೆಯುತ್ತದೆ. ಕೇಳಿದವರು ಹೊರಗೆ ಹೋಗಿ ಅದನ್ನು ಮಾಡಬೇಕೇ, ಇನ್ನೊಬ್ಬರಿಗೆ ಹೇಳಬೇಕೇ, ಹಣ ಅಥವಾ ಒಪ್ಪಿಗೆ ಕೊಡಬೇಕೇ? ನಿಧಾನ ಬೇಕು. ಇನ್ನು ತಡವರಿಸುವುದು ಮತ್ತು ನಿಲ್ಲುವುದು ಹೊರಗಿನಿಂದ ಒಂದೇ ರೀತಿ ಕಾಣುವುದಿಲ್ಲ. ತಡವರಿಸುವವರು ವಾಕ್ಯದ ನಡುವೆ, ನೆಲ ನೋಡುತ್ತಾ ನಿಲ್ಲುತ್ತಾರೆ. ವಾಕ್ಯ ಮುಗಿಸಿ, ಎದುರಿದ್ದವರ ಮುಖ ನೋಡುತ್ತಾ ನಿಂತವರನ್ನು ಯಾರೂ ಹಾಗೆ ಭಾವಿಸುವುದಿಲ್ಲ.

ಇಡೀ ಭಾಷಣ ಒಂದೇ ನಿಧಾನದಲ್ಲಿ ಸಾಗಿದರೆ ನಿದ್ದೆ ಬರುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಗೊತ್ತಿರುವ ಹಿನ್ನೆಲೆ, ಪ್ರಸಂಗದ ವಿವರಣೆ, ಉದಾಹರಣೆಗಳ ಪಟ್ಟಿ ಇವನ್ನು ಬೇಗ ದಾಟಿಸಿ. ವ್ಯಾಖ್ಯಾನ, ಅಂಕಿ, ಎಚ್ಚರಿಕೆ, ನಿಮ್ಮ ಬೇಡಿಕೆ ಇವುಗಳಲ್ಲಿ ನಿಧಾನ. ಬದಲಾವಣೆ ಇದ್ದಾಗಲೇ ನಿಧಾನಕ್ಕೆ ತೂಕ.

ಸಂಘಟಕರು 20 ನಿಮಿಷ ಎಂದಿರುತ್ತಾರೆ. ಹಿಂದಿನವರು ಎಳೆದು, ನನ್ನ ಸರದಿ ಬಂದಾಗ "ಹತ್ತರಲ್ಲಿ ಮುಗಿಸಿ ಸರ್" ಅನ್ನುತ್ತಾರೆ. ಆಗ ಓಡದೆ ಇನ್ನೇನು ಮಾಡಲಿ?

ಬಿಡಿ. ಓಡಬೇಡಿ, ವಿಷಯ ಬಿಡಿ. 20 ನಿಮಿಷದ ಸರಕನ್ನು 10ರಲ್ಲಿ ಸುರಿದರೆ ಅರ್ಧವೂ ತಲುಪುವುದಿಲ್ಲ, ಯಾವ ಅರ್ಧ ತಲುಪಬೇಕೆಂಬ ಆಯ್ಕೆಯೂ ನಿಮ್ಮ ಕೈ ತಪ್ಪುತ್ತದೆ.

ಈ ಕಡಿತವನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಬೇಕು, ವೇದಿಕೆಯ ಮೆಟ್ಟಿಲ ಮೇಲೆ ಅಲ್ಲ. 20 ನಿಮಿಷ ಸಿಕ್ಕರೆ 16–17 ನಿಮಿಷಕ್ಕೆ ಮಾತ್ರ ತಯಾರಿ ಮಾಡಿ, ಉಳಿದದ್ದು ಬಿಡುವು, ನಗು, ಕೈಕೊಟ್ಟ ಮೈಕ್ ಇವುಗಳ ಪಾಲು. ನಂತರ ಟಿಪ್ಪಣಿಯ ಪ್ರತಿ ಭಾಗಕ್ಕೂ ಅಂಚಿನಲ್ಲಿ ಒಂದು ಗುರುತು ಹಾಕಿ: ಬೇಕೇ ಬೇಕು, ಇದ್ದರೆ ಒಳ್ಳೆಯದು, ಬಿಡಬಹುದು. ಬೇಕೇ ಬೇಕು ಎಂಬುದಷ್ಟನ್ನೇ ನಿಧಾನವಾಗಿ ಹೇಳಿದರೆ 8 ನಿಮಿಷ ದಾಟಬಾರದು. ಸ್ಲೈಡ್ ಇದ್ದರೆ ಆ ಸ್ಲೈಡುಗಳದ್ದೇ ಬೇರೆ ಫೈಲ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ "ಇದನ್ನು ಬಿಡೋಣ, ಇದನ್ನೂ ಬಿಡೋಣ" ಎಂದು ಸರಸರ ತಿರುಗಿಸುವುದರಲ್ಲೇ ಒಂದು ನಿಮಿಷ ಹೋಗುತ್ತದೆ, ಏನೋ ತಪ್ಪಿಹೋಯಿತು ಎಂಬ ಭಾವನೆ ಸಭೆಗೆ ಉಳಿಯುತ್ತದೆ. "ಸಮಯ ಕಡಿಮೆ ಇದೆ, ಬೇಗ ಬೇಗ ಹೇಳುತ್ತೇನೆ" ಎಂಬ ಪೀಠಿಕೆಯೂ ಬೇಡ. ನೀವು ಏನು ಬಿಟ್ಟಿರಿ ಎಂದು ನಿಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಸ್ಲೈಡ್ ತೋರಿಸುವಾಗ ಎಷ್ಟು ನಿಲ್ಲಬೇಕು?

ಹೊಸ ಸ್ಲೈಡ್ ಬಂದೊಡನೆ ಜನ ಓದಲು ಶುರು ಮಾಡುತ್ತಾರೆ, ನಿಮ್ಮ ಮಾತು ಕೇಳುವುದಿಲ್ಲ. ಒಂದು ಸಾಲಿನ ಸ್ಲೈಡಿಗೆ ಎರಡು-ಮೂರು ಸೆಕೆಂಡು, ನಕ್ಷೆ ಅಥವಾ ಕೋಷ್ಟಕಕ್ಕೆ ಐದಾರು ಸೆಕೆಂಡು ಸುಮ್ಮನಿರಿ. ಕೋಷ್ಟಕದಲ್ಲಿ ಮೊದಲು ಅಡ್ಡಸಾಲು ಏನು, ಕಂಬಸಾಲು ಏನು ಎಂದು ಹೇಳಿ, ಆಮೇಲೆ ನೋಡಬೇಕಾದ ಮನೆಗೆ ಬನ್ನಿ. ಅಷ್ಟು ಹೊತ್ತು ಸುಮ್ಮನಿದ್ದರೂ ಓದಿ ಮುಗಿಯದಿದ್ದರೆ ಸ್ಲೈಡಿನಲ್ಲಿ ಬರಹ ಹೆಚ್ಚಾಗಿದೆ.

ಪ್ರೌಢಶಾಲೆಯ ಶಿಕ್ಷಕಿ ನಾನು. ಪಾಠ ನಿಧಾನವಾಗಿಯೇ ಮಾಡುತ್ತೇನೆ, ಆದರೆ ಪ್ರಶ್ನೆ ಕೇಳಿದಾಗ ಮಕ್ಕಳು ಬಾಯಿ ಬಿಡುವುದಿಲ್ಲ.

ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೀರಿ ಎಂದು ಒಮ್ಮೆ ರೆಕಾರ್ಡ್ ಮಾಡಿ ನೋಡಿ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಪರೀಕ್ಷಿಸಿದಾಗ, ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾದು ಬೇರೆಯವರನ್ನು ಕೇಳುತ್ತಿದ್ದರು ಅಥವಾ ತಾವೇ ಉತ್ತರ ಹೇಳುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕಾರಣ ಸಮೇತ ಬಂದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಮಾತಾಡಿದರು.

ಕಾಯಬೇಕಾದ ಜಾಗ ಎರಡು. ಪ್ರಶ್ನೆ ಕೇಳಿದ ಮೇಲೆ ಒಮ್ಮೆ, ಮಗು ಉತ್ತರ ನಿಲ್ಲಿಸಿದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. "ಹ್ಞಾಂ, ಸರಿ" ಎಂದು ತಕ್ಷಣ ಹೇಳಿದರೆ ಮಗುವಿನ ಅರ್ಧ ಯೋಚನೆ ಅಲ್ಲೇ ನಿಲ್ಲುತ್ತದೆ. ಕಾಯುವಾಗ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಬೇಡಿ. ಅದು ಸಹಾಯವಲ್ಲ, ಹೊಸ ಪ್ರಶ್ನೆ.

ಬರೆದುಕೊಂಡದ್ದನ್ನು ನೋಡಿ ಓದಬೇಕಾದ ಸಂದರ್ಭ ಬರುತ್ತದೆ. ಓದಿದರೆ ಇನ್ನೂ ವೇಗ.

ಯೋಚಿಸಿ ಮಾತಾಡುವಾಗ ಮುಂದಿನ ಪದ ಹುಡುಕಲು ಹೋಗುವ ಹೊತ್ತೇ ಬಿಡುವಾಗುತ್ತದೆ. ಓದುವಾಗ ಹುಡುಕುವುದೇನಿಲ್ಲ, ಕಣ್ಣು ಮುಂದೆ ಓಡುತ್ತದೆ, ಬಾಯಿ ಅದನ್ನು ಹಿಂಬಾಲಿಸುತ್ತದೆ. ಆದ್ದರಿಂದ ಬಿಡುವನ್ನು ಕಾಗದದ ಮೇಲೇ ಕಟ್ಟಬೇಕು. ಅಕ್ಷರ 18 ಅಥವಾ 20 ಪಾಯಿಂಟ್ ಇರಲಿ, ಸಾಲುಗಳ ನಡುವೆ ದುಪ್ಪಟ್ಟು ಅಂತರ. ಒಂದು ಸಾಲಿಗೆ ಒಂದೇ ಉಸಿರಿನ ಮಾತು, ಅಂದರೆ ನಾಲ್ಕೈದು ಪದ. ಪುಟದ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಿ, ಆಗ ತಲೆ ಬಗ್ಗುವುದಿಲ್ಲ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ದಾಟಬಾರದು. ಒಂದೇ ಮಗ್ಗುಲಿಗೆ ಮುದ್ರಿಸಿ, ಪುಟಸಂಖ್ಯೆ ಹಾಕಿ, ಪಿನ್ ಹಾಕದೆ ಪಕ್ಕಕ್ಕೆ ಸರಿಸುತ್ತಾ ಹೋಗಿ. ಪ್ರತಿ ವಾಕ್ಯದ ಕೊನೆಯ ಪದವನ್ನು ಕಾಗದ ನೋಡದೆ ಸಭೆ ನೋಡುತ್ತಾ ಹೇಳಿ. ಕಣ್ಣು ಮತ್ತೆ ಕಾಗದಕ್ಕೆ ಬರಲು ಹಿಡಿಯುವ ಹೊತ್ತೇ ನಿಮಗೆ ಬೇಕಾದ ಒಂದು ಸೆಕೆಂಡು.

ಬರವಣಿಗೆಯ ವಾಕ್ಯವೇ ಉದ್ದವಾಗಿದ್ದರೆ ಮಾತ್ರ ಯಾವ ಗುರುತೂ ಉಳಿಸುವುದಿಲ್ಲ. "...ಮಾಡಿದ, ...ಹೇಳಿದಂತೆ, ...ಆಗಿರುವ" ಎಂದು ಸರಪಣಿಯಾಗಿ ಬರುವ ವಾಕ್ಯವನ್ನು ಮೂರಾಗಿ ಒಡೆಯಿರಿ. ಕಣ್ಣಿಗೆ ಚೆನ್ನಾಗಿರುವುದೆಲ್ಲ ಕಿವಿಗೆ ಚೆನ್ನಾಗಿರುವುದಿಲ್ಲ.

ದೊಡ್ಡ ಸಭಾಂಗಣದಲ್ಲಿ, ಮೈಕ್ ಇದ್ದರೂ, ಹಿಂದಿನವರಿಗೆ "ಗೊಳಗೊಳ" ಎಂದು ಕೇಳುತ್ತದಂತೆ. ಶಬ್ದ ಹೆಚ್ಚಿಸಿದರೆ ಇನ್ನೂ ಕೆಡುತ್ತದೆ.

ಹೆಚ್ಚಿಸಿದರೆ ಕೆಡಲೇಬೇಕು. ಗೋಡೆ, ಚಾವಣಿಗಳಿಗೆ ಬಡಿದು ಮರಳುವ ಶಬ್ದವೂ ಅಷ್ಟೇ ಹೆಚ್ಚುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೇರವಾಗಿ ಬಂದ ಧ್ವನಿಗಿಂತ 17 ಮೀಟರಿನಷ್ಟು ಹೆಚ್ಚು ದಾರಿ ಸುತ್ತಿ ಬಂದದ್ದು 50 ಮಿಲಿಸೆಕೆಂಡು ತಡವಾಗಿ ಕಿವಿ ಸೇರುತ್ತದೆ. ಅದಕ್ಕಿಂತ ತಡವಾಗಿ ಬಂದದ್ದು ಮಾತಿಗೆ ಬಲ ಕೊಡುವ ಬದಲು ಅದನ್ನು ಕಲಸುತ್ತದೆ. ಸ್ವರಗಳಿಗೆ ಶಕ್ತಿ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಹಿಂದಿನ ಅಕ್ಷರದ ಸ್ವರ ಮೊಳಗುತ್ತಲೇ ಇರುವಾಗ ಮುಂದಿನ ಅಕ್ಷರದ ವ್ಯಂಜನ ಅದರಡಿ ಮುಳುಗುತ್ತದೆ.

ಎಳೆಯಬೇಡಿ ಎಂದ ಮೊದಲ ಉತ್ತರಕ್ಕೆ ಇದೊಂದು ವಿನಾಯಿತಿ. ಮೊಳಗುವ ಸಭಾಂಗಣದಲ್ಲಿ ನಿಲ್ಲುವುದಷ್ಟೇ ಸಾಲದು, ಅಕ್ಷರಗಳನ್ನೂ ತುಸು ಬಿಡಿಸಿ ಆಡಬೇಕು. ಆದರೆ ಬಿಡಿಸಬೇಕಾದದ್ದು ಪದದಿಂದ ಪದವನ್ನು. ಸ್ವರವನ್ನು ಉದ್ದ ಮಾಡುವುದಲ್ಲ. ಒತ್ತಕ್ಷರಗಳನ್ನು ಪೂರ್ತಿ ಒತ್ತಿ ಹೇಳಿ. ಸಭೆ ಸೇರುವ ಮೊದಲೇ ಹೋಗಿ ಒಂದು ಚಪ್ಪಾಳೆ ತಟ್ಟಿ ಕೇಳಿ: ಶಬ್ದ ತಟ್ಟನೆ ಸತ್ತರೆ ಚಿಂತೆಯಿಲ್ಲ, ಒಂದು ಸೆಕೆಂಡಿಗೂ ಹೆಚ್ಚು ಉಳಿದರೆ ವಾಕ್ಯದ ಕೊನೆಯ ಬಿಡುವನ್ನು ಆ ಮೊಳಗು ಇಳಿಯುವವರೆಗೆ ಉದ್ದ ಮಾಡಿ. ಜನ ತುಂಬಿದ ಮೇಲೆ ಮೊಳಗು ಸ್ವಲ್ಪ ಕಡಿಮೆಯಾಗುತ್ತದೆ, ಮೈ ಮತ್ತು ಬಟ್ಟೆ ಶಬ್ದವನ್ನು ಹೀರುತ್ತವೆ.

ಕೈಮೈಕನ್ನು ಬಾಯಿಂದ 10–15 ಸೆಂಟಿಮೀಟರ್ ದೂರದಲ್ಲಿ, ಗಲ್ಲದ ಕಡೆಯಿಂದ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಢಬ್ ಎನ್ನುತ್ತದೆ.

ಆನ್‌ಲೈನ್ ಸಭೆಗಳಲ್ಲಿ ನಾನು ನಿಂತಾಗಲೆಲ್ಲ ಇನ್ನೊಬ್ಬರು ಮಾತು ಶುರು ಮಾಡಿಬಿಡುತ್ತಾರೆ. ಹೀಗಾಗಿ ನಿಲ್ಲದೆ ಮಾತಾಡುವ ಚಟ ಹತ್ತಿದೆ.

ಧ್ವನಿ ಜಾಲದಲ್ಲಿ ಸಾಗುವಾಗ ಆಗುವ ತಡವೇ ಇದಕ್ಕೆ ಮೂಲ. ಒಂದು ಬದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ದೂರಸಂಪರ್ಕದವರ ಅಂತರರಾಷ್ಟ್ರೀಯ ಮಾನದಂಡ. ಅದು ಮೀರಿದಾಗ ನೀವು ಮುಗಿಸಿದಿರೋ ಉಸಿರು ತೆಗೆದುಕೊಂಡಿರೋ ಎಂದು ಅತ್ತ ಕಡೆಯವರಿಗೆ ತಿಳಿಯುವುದಿಲ್ಲ. ಉಪಾಯ ಸರಳ: ಮೊದಲೇ ಎಣಿಕೆ ಹೇಳಿ. "ಮೂರು ಅಂಶಗಳಿವೆ. ಒಂದನೆಯದು..." ಎಂದರೆ ಮೂರನೆಯದು ಬರುವವರೆಗೆ ನೀವು ನಿಂತರೂ ಹೆಚ್ಚಿನವರು ಕಾಯುತ್ತಾರೆ. ಬಿಡುವುಗಳನ್ನು ಒಂದು ಸೆಕೆಂಡಿನ ಆಸುಪಾಸಿಗೆ ಇಳಿಸಿ, ಅದರ ಬದಲು ವಾಕ್ಯಗಳನ್ನು ಇನ್ನೂ ಚಿಕ್ಕದು ಮಾಡಿ. ಪ್ರಶ್ನೆ ಕೇಳಿದಾಗ ಮಾತ್ರ ಐದಾರು ಸೆಕೆಂಡು ಕಾಯಲೇಬೇಕು, ಮ್ಯೂಟ್ ತೆಗೆಯುವುದಕ್ಕೇ ಎರಡು ಬೇಕು.

ಸಭೆಯಲ್ಲಿ ಅನುವಾದಕರೋ ಸನ್ನೆ ಭಾಷೆಯವರೋ ಇದ್ದರೆ, ಟಿಪ್ಪಣಿಯ ಒಂದು ಪ್ರತಿಯನ್ನು ಹಿಂದಿನ ದಿನವೇ ಅವರಿಗೆ ಕೊಡಿ. ಹೆಸರು ಮತ್ತು ಅಂಕಿಗಳನ್ನು ಎರಡು ಸಲ ಹೇಳಿ. ಎಪ್ಪತ್ತು, ಎಂಬತ್ತು ಒಂದರಂತೆ ಇನ್ನೊಂದು ಕೇಳಿಸುವ ಸಂಖ್ಯೆಗಳು.

"ಅಂದ್ರೆ", "ಏನಪ್ಪಾ ಅಂದ್ರೆ", "ಆಕ್ಚುಲಿ" ನನ್ನ ಬಾಯಿಂದ ಹೋಗುವುದೇ ಇಲ್ಲ.

ಹೋಗಬೇಕಾಗಿಲ್ಲ, ಕಡಿಮೆಯಾದರೆ ಸಾಕು. ಇವೆಲ್ಲ ಮೌನವನ್ನು ತುಂಬಲು ಬರುವ ಪದಗಳು. "ಹೇಳಬಾರದು" ಎಂದುಕೊಂಡರೆ ಇನ್ನೂ ಹೆಚ್ಚು ಬರುತ್ತವೆ. ವಾಕ್ಯ ಮುಗಿದಾಗ ತುಟಿ ಮುಚ್ಚುವುದನ್ನಷ್ಟೇ ಅಭ್ಯಾಸ ಮಾಡಿ. ತುಟಿ ಮುಚ್ಚಿ "ಅಂದ್ರೆ" ಎನ್ನಲಾಗದು.

ನನ್ನ ಮಗ ಮನೆಯಲ್ಲೂ ವೇಗವಾಗಿಯೇ ಮಾತಾಡುತ್ತಾನೆ. ಪದಗಳು ಒಂದರೊಳಗೊಂದು ಸೇರಿಹೋಗುತ್ತವೆ. ಭಾಷಣ ಸ್ಪರ್ಧೆಗೆ ತಯಾರಿ ಮಾಡಿಸಿದರೆ ಸರಿಹೋಗುತ್ತದೆಯೇ?

ಸಭೆಯಲ್ಲಿ ಮಾತ್ರ ವೇಗ ಬರುತ್ತಿದ್ದರೆ ಅದು ಅಭ್ಯಾಸದ ಮಾತು. ಮನೆಯಲ್ಲೂ ಗೆಳೆಯರೊಂದಿಗೂ ಹಾಗೇ ಇದ್ದು, ಅಕ್ಷರಗಳು ಬಿಟ್ಟುಹೋಗುತ್ತಿದ್ದು, ಹೇಳಿದ್ದು ಅರ್ಥವಾಗಲಿಲ್ಲವೆಂದು ಅವನಿಗೆ ಗೊತ್ತೇ ಆಗದಿದ್ದರೆ, ವಾಕ್ ಚಿಕಿತ್ಸಕರಿಗೆ ತೋರಿಸಿ. ತೊದಲಿಗಿಂತ ಬೇರೆಯಾದ, ವೇಗ ಮತ್ತು ಲಯ ತಪ್ಪುವ ತೊಂದರೆಯೊಂದು ಇದೆ, ಅದಕ್ಕೆ ತರಬೇತಿ ಇದೆ. "ನಿಧಾನ, ನಿಧಾನ" ಎಂದು ಮಾತಿನ ನಡುವೆ ತಡೆಯುವುದರಿಂದ ಉಪಯೋಗವಿಲ್ಲ. ಅವನೊಡನೆ ಮಾತಾಡುವಾಗ ನೀವು ನಿಲ್ಲುತ್ತಾ ಮಾತಾಡಿ, ಅವನು ಮುಗಿಸಿದ ಮೇಲೆ ಒಂದು ಸೆಕೆಂಡು ಬಿಟ್ಟು ಉತ್ತರಿಸಿ.

ಇದೆಲ್ಲ ವೇದಿಕೆಯ ಮೇಲೆ ನೆನಪಾಗುವುದು ಹೇಗೆ?

ನೆನಪಾಗುವುದಿಲ್ಲ. ಅದಕ್ಕೇ ಹೊರಗಿನಿಂದ ಏರ್ಪಾಡು ಬೇಕು. ಎರಡನೆಯ ಸಾಲಿನಲ್ಲಿ ಗೊತ್ತಿರುವವರೊಬ್ಬರನ್ನು ಕೂರಿಸಿ, ವೇಗ ಏರಿದಾಗ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಲು ಹೇಳಿ. ಕೈ ಬೀಸುವ ಸನ್ನೆ ಬೇಡ, ಉಳಿದವರ ಕಣ್ಣೂ ಅತ್ತ ಹೋಗುತ್ತದೆ. ನೀರಿನ ಲೋಟವನ್ನು ಕೈಗೆ ಸುಲಭವಾಗಿ ಸಿಗದಷ್ಟು ದೂರ, ಎರಡು ಹೆಜ್ಜೆ ಆಚೆ ಇಟ್ಟುಕೊಳ್ಳಿ. ಟಿಪ್ಪಣಿಯಲ್ಲಿ ಎರಡು ಕಡೆ "ನೀರು" ಎಂದು ಬರೆದಿಡಿ: ಮೂರನೇ ಒಂದು ಭಾಗ ಮುಗಿದಾಗ ಒಮ್ಮೆ, ಕೊನೆಯ ಭಾಗ ಶುರುವಾಗುವ ಮೊದಲು ಇನ್ನೊಮ್ಮೆ. ನಡೆದು ಹೋಗಿ ಒಂದು ಗುಟುಕು ಕುಡಿದು ಬರಲು ಏಳೆಂಟು ಸೆಕೆಂಡು ಬೇಕು, ಯಾರೂ ಅದನ್ನು ಮೌನ ಎಂದು ಎಣಿಸುವುದಿಲ್ಲ. ನೀರು ತಣ್ಣಗಿರದೆ ಕೋಣೆಯ ಬಿಸಿಯಲ್ಲೇ ಇರಲಿ. ಲೋಟಕ್ಕೆ ಮುಚ್ಚಳ ಹಾಕಿಡಿ.